ಇಳಿಸಲಾರದ ಗೆರಿ

ಜತ್ತ

ಬಸಗೊಂಡಣ್ಣಗ ವಿದ್ಯಾವತಿಯ ಶರಣು.

ನಿನ್ನ ದ್ರಾಕ್ಷ್ಯಾಗ ಸಿಂಪಡಿಸಿದ ಔಷಧ ಹೆಚ್ಚಿಗಿ ಉಳದೈತಿ ಅಂತ ನಾ ಅಂದಾಗ, "ಕಂಪ್ಯೂಟರದಾಗ ಆ ಗೆರಿ ಒಂಚೂರು ಇಳಸವಾ" ಅಂದಿ. ನೀ ನಮ್ಮ ಲ್ಯಾಬಿನಿಂದ ಹೋದ ಮ್ಯಾಲ ನಿನ್ನ ದ್ರಾಕ್ಷಿ ರಸಾನ ಮತ್ತೊಮ್ಮೆ ಮಷೀನಿಗಿ ಹಾಕಿ ನೋಡಿದೆ. ಔಷಧ ಎಷ್ಟೈತಿ ಅಂತ ತೋರಸೂ ಗೆರಿ ಅಷ್ಟೇ ಎತ್ತರಕ್ಕ ಎದ್ದಿತು. ಸಾಫ್ಟ್‌ವೇರದಾಗ ಅದನ್ನ ಇಳಸಾಕ ಬರತೈತಿ, ಆದರ ಇಳಿಸಿದವರ ಹೆಸರು ಅದರಾಗ ಉಳಿತೈತಿ. ಅದಕ್ಕ ಅಂಜಲಿಲ್ಲ ಅಣ್ಣ. ಹಣ್ಣು ತಿನ್ನೂ ಕೂಸುಗಳ ನೆನಪಾಗಿ ಕೈ ಬರಲಿಲ್ಲ. ವರದಿ ಇದ್ದಂಗ ಕಳಿಸೀನಿ. ಅದನ್ನ ನೋಡಿ ದ್ರಾಕ್ಷಿ ಕೊಳ್ಳಾಕ ಬಂದ ವ್ಯಾಪಾರಿ ಹೊಳ್ಳಿ ಹೋಗತಾನು, ಗೊತ್ತೈತಿ.

ಔಷಧ ಇಳಿಯೂತನಕ ಗೊನಿ ಕೊಯ್ಯಬ್ಯಾಡ, ಸಂತಿಗೂ ಒಯ್ಯಬ್ಯಾಡ. ಆಮ್ಯಾಲ ಮತ್ತ ಪರೀಕ್ಷಾ ಮಾಡೂಣು.

ಭಾಳ ದಣದೀನಿ. ಐತವಾರ ಕರಜಗಿಗಿ ಬರತೀನಿ. ನೀ ಮಾತಾಡದಿದ್ರೂ ನಡಿತೈತಿ, ವೈನಿಗಿ ಹೇಳಿ ನನಗೂ ಎರಡು ರೊಟ್ಟಿ ಬಡಸು.

ನಿನ್ನ ತಂಗಿ,
ವಿದ್ಯಾವತಿ