ತಪಾಸಣೆಗೆ ಮುಂಚಿನ ಅರ್ಧ ಗಂಟೆ

ಆಸ್ಪತ್ರೆಯ ಮೂರನೆಯ ಮಹಡಿ
ಮಾರ್ಚ್ ೧೪, ಬುಧವಾರ

ಪ್ರೀತಿಯ ಪುಟ್ಟಿಗೆ,

ನಿನಗೂ ಕೂಸಿಗೂ ನನ್ನ ಆಶೀರ್ವಾದ. ವಾರಕ್ಕೊಂದು ಪತ್ರವೆಂಬ ನಿಯಮವನ್ನು ಮಾಡಿದವನೇ ಮುರಿದಿದ್ದೇನೆ. ಹತ್ತು ದಿನಗಳ ವಿಳಂಬಕ್ಕೆ ಕ್ಷಮೆಯಿರಲಿ. ಫೋನಿನಲ್ಲಿ ‘ಚೆನ್ನಾಗಿದ್ದೇನೆ’ ಎಂದದ್ದೂ ಪೂರ್ತಿ ನಿಜವಲ್ಲ.

ನನ್ನ ರಕ್ತದಿಂದ ತೆಗೆದ ಜೀವಕೋಶಗಳಿಗೆ ಕ್ಯಾನ್ಸರನ್ನು ಗುರುತಿಸುವ ಪಾಠ ಹೇಳಿ, ಅವನ್ನು ಮರಳಿ ನನ್ನ ಮೈಗೆ ಸೇರಿಸಿದ್ದು ನಿನಗೆ ಗೊತ್ತು. ಅವು ಕೆಲಸಕ್ಕೆ ತೊಡಗಿದಾಗ ಏಳುವ ಜ್ವರ ಹೃದಯವನ್ನೂ ದಣಿಸಬಹುದೆಂದು ವೈದ್ಯೆ ಮೊದಲೇ ಎದೆಯ ಎಕೋ ಸ್ಕ್ಯಾನ್ ಮಾಡಿಸಿದ್ದರು. ‘ಎದೆ ಸ್ವಲ್ಪ ಹಿಡಿದ ಹಾಗಾದ್ರೂ ಹೇಳ್ಬೇಕು, ಮೇಷ್ಟ್ರೇ’ ಎಂದು ಎರಡು ಸಲ ಹೇಳಿದ್ದರು.

ಮೂರನೆಯ ದಿನ ಜ್ವರ ಬಂತು. ಬಚ್ಚಲಿಗೆ ನಡೆದರೆ ಎದೆ ಬಿಗಿಯುತ್ತಿತ್ತು. ಜ್ವರವನ್ನು ನರ್ಸ್ ಬರೆದುಕೊಂಡರು, ಎದೆಯ ಬಿಗಿತವನ್ನು ನಾನು ಹೇಳಲಿಲ್ಲ. ಹೇಳಿದರೆ ಜ್ವರ ತಗ್ಗಿಸುವ ಔಷಧ ಕೊಟ್ಟು ಆ ಕೋಶಗಳ ಕೆಲಸವನ್ನೂ ನಿಲ್ಲಿಸಿಬಿಟ್ಟಾರೆಂಬ ಭಯ. ಇನ್‌ಸ್ಪೆಕ್ಟರ್ ಬರುವ ಮುನ್ನ ತರಗತಿಯನ್ನು ಸಜ್ಜುಗೊಳಿಸುವುದರಲ್ಲೇ ಮೂವತ್ತಾರು ವರ್ಷ ಕಳೆದವನಲ್ಲವೇ ನಾನು? ನರ್ಸ್ ನಾಲ್ಕು ಗಂಟೆಗೊಮ್ಮೆ ನಾಡಿ ನೋಡಲು ಬರುವರು. ಅದಕ್ಕೆ ಅರ್ಧ ಗಂಟೆ ಮೊದಲೇ ಅಲುಗಾಡದೆ ಮಲಗಿ, ಉಸಿರೆಣಿಸಿ, ನಾಡಿಯನ್ನು ಶಿಸ್ತಿಗೆ ತರುತ್ತಿದ್ದೆ.

ಐದನೆಯ ದಿನ ಆಕೆ ಹೊತ್ತಿಗೆ ಮುಂಚೆಯೇ ಬಂದರು. ನಾನು ಬೇಸಿನ್ನನ್ನು ಹಿಡಿದು ಬೆವರುತ್ತ ನಿಂತಿದ್ದೆ.

‘ಇದೇನ್ ಮೇಷ್ಟ್ರೇ, ನಾ ಬಂದಾಗೆಲ್ಲ ಒಳ್ಳೇ ಹುಡುಗನ ಹಾಗೆ ಮಲಗಿರ್ತಿದ್ರಿ?’

‘ಸ್ವಲ್ಪ ಸುಸ್ತು ಅಷ್ಟೇ, ತಾಯಿ.’

‘ಎಷ್ಟು ದಿನದಿಂದ?’

‘ಎರಡು.’

‘ಸರಿಹೋಯ್ತು! ನೂರಕ್ಕೆ ನೂರು ತಗೊಂಡಿರೋ ನಾಡಿ ನಮಗೆ ಬೇಡ ಸಾರ್. ಎಲ್ಲಿ ಎಡವ್ತಿದೆ ಅಂತ ಗೊತ್ತಾಗ್ಬೇಕು. ನಿಮ್ಮ ಹುಡುಗ್ರು ಹೀಗೆ ಮಾಡಿದ್ರೆ ಬೆಂಚ್ ಮೇಲೆ ನಿಲ್ಲಿಸ್ತಿರಲಿಲ್ವಾ?’

ಆ ಗಂಟೆಯಲ್ಲೇ ಇಸಿಜಿ, ರಕ್ತಪರೀಕ್ಷೆ, ಮತ್ತೆ ಎಕೋ. ಮೊದಲು ಸಹಜವಾಗಿ ಶೇಕಡಾ ಅರವತ್ತಿದ್ದ ಹೃದಯದ ಪಂಪಿಂಗ್ ಮೂವತ್ತೆಂಟಕ್ಕೆ ಇಳಿದಿತ್ತು. ಔಷಧ ಕೊಟ್ಟರು, ಅದರಿಂದ ಕೋಶಗಳ ಕೆಲಸ ನಿಲ್ಲಬೇಕಾಗಿಲ್ಲವೆಂದು ವೈದ್ಯೆ ಚಿತ್ರ ಬರೆದು ತಿಳಿಸಿದರು. ವಿದ್ಯಾರ್ಥಿಯಂತೆ ಕೈಕಟ್ಟಿ ಕೇಳಿದೆ.

ನಿನ್ನೆಯ ಎಕೋದಲ್ಲಿ ನಲವತ್ತೊಂಬತ್ತು. ಎದೆಗೆ ಅಂಟಿಸಿದ ತಂತಿಗಳು ಈಗ ನಾನು ಮಲಗಿದರೂ ನಡೆದರೂ ವರದಿ ಒಪ್ಪಿಸುತ್ತವೆ. ಅವಕ್ಕೆ ತಿಳಿಯದ್ದನ್ನು, ಎಷ್ಟನೆಯ ಹೆಜ್ಜೆಗೆ ಎದೆ ಬಿಗಿಯಿತೆಂಬುದನ್ನು, ನಾನೇ ನೋಟ್‌ಬುಕ್ಕಿನಲ್ಲಿ ಬರೆದು ನರ್ಸಿಗೆ ತೋರಿಸುತ್ತೇನೆ. ಇಂದು ಕಾರಿಡಾರಿನ ಕೊನೆಯ ಕಿಟಕಿಯವರೆಗೆ ನಡೆದೆ. ನಾಳೆ ಎರಡು ಸಲ ನಡೆಯುತ್ತೇನೆ. ಕೂಸಿಗೆ ಅಕ್ಷರ ತಿದ್ದಿಸುವವನು ನಾನೇ. ಆ ಕೆಲಸವನ್ನು ಬೇರೆ ಯಾರಿಗೂ ಒಪ್ಪಿಸಬೇಡ.

ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ.

ನಿನ್ನ ಅಪ್ಪ

ತಾ.ಕ.: ನಿನ್ನ ಅಮ್ಮ ಎದೆನೋವನ್ನು ಯಾರಿಗೂ ಹೇಳದೆಯೇ ಹೋದಳೆಂದು ಹದಿನಾಲ್ಕು ವರ್ಷಗಳಿಂದ ನಿನಗೆ ಹೇಳುತ್ತ ಬಂದಿದ್ದೇನೆ. ಅವಳು ಹೇಳಿದ್ದಳು. ಹಿಂದಿನ ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ‘ಯಾಕೋ ಎದೆ ಹಿಡ್ಕೊಂಡ ಹಾಗಿದೆ, ರೀ’ ಎಂದಳು. ಮರುದಿನ ಶಾಲೆಗೆ ಇನ್‌ಸ್ಪೆಕ್ಟರ್ ಬರುವವರಿದ್ದರು. ‘ಅದೊಂದು ಮುಗೀಲಿ, ನಾಡಿದ್ದು ಡಾಕ್ಟರ ಹತ್ರ ಹೋಗೋಣ’ ಎಂದೆ. ಪುಸ್ತಕಗಳಿಂದ ತಲೆಯನ್ನೂ ಎತ್ತಲಿಲ್ಲ.