ಅಮ್ಮ ಒತ್ತಿದ ಸ್ವಿಚ್ಚು

ಅಪ್ಪ,

ಕೊನೆಗೂ ಕರೆಂಟು ಬಂತು. ನಂಬಿ ನಂಬಿ ಕಂಬದಂತೆ ನಿಂತವರ ಅಂಗಳಕ್ಕೆ ಇವತ್ತು ಕಂಬವೇ ಬಂದು ನಿಂತಿತು.

ತಂತಿ ಎಳೆಯಲು ಬಂದ ಲೈನ್‌ಮನ್ ಬೆವರು ಒರೆಸಿಕೊಳ್ಳುತ್ತಾ, "ರೋಡು ಬಿಟ್ಟು ಇಷ್ಟು ದೂರ ಯಾಕ್ರೀ ಮನೆ ಕಟ್ಟಿದ್ರಿ?" ಎಂದ.

"ನಮ್ಮಪ್ಪನ್ನ ಕೇಳ್ಬೇಕು."

"ಎಲ್ಲಿದ್ದಾರೆ?"

"ಇನ್ನೂ ದೂರ."

ರೋಡಿನ ಪಕ್ಕದಲ್ಲೇ ಮನೆ ಸಿಕ್ಕಾಗ ನೀವು ಬೇಡವೆಂದಿರಿ. ಮುಂದಿನ ತಿಂಗಳೇ ಲೈನು ಬರುತ್ತದೆಂದು ಗೋಡೆಗೆಲ್ಲ ವೈರು ಎಳೆಸಿ, ಸ್ವಿಚ್ಚು ಕೂರಿಸಿ, ದಿನಾ ಸಂಜೆ ಒತ್ತಿ ಅಭ್ಯಾಸ ಮಾಡಿಕೊಳ್ಳಿ ಎಂದಿರಿ. ಮಕ್ಕಳು ನಾವು ನಕ್ಕು ಬಿಟ್ಟೆವು. ಅಮ್ಮ ಬಿಡಲಿಲ್ಲ. ಸಂಜೆಯಾದರೆ ಸ್ವಿಚ್ಚು ಒತ್ತಿ, ಆಮೇಲೆ ಬುಡ್ಡಿದೀಪ ಹಚ್ಚಿ, ಅದರ ಹೊಗೆಯಲ್ಲಿ ಊರವರ ಬಟ್ಟೆ ಹೊಲಿದಳು. ಕಣ್ಣು ಪೂರ್ತಿ ಹೋಗುವವರೆಗೂ ಹೊಲಿದಳು.

ಇವತ್ತು ಸಂಜೆ ಲೈನ್‌ಮನ್ ಫ್ಯೂಸು ಹಾಕಿದ್ದೇ ತಡ, ಬಲ್ಬು ತಾನಾಗಿಯೇ ಹತ್ತಿಕೊಂಡಿತು. ನಿನ್ನೆ ಅಮ್ಮ ಒತ್ತಿದ್ದ ಸ್ವಿಚ್ಚು ಆನ್ ಆಗಿಯೇ ಇತ್ತು.

"ಕರೆಂಟು ಬಂತಮ್ಮ" ಎಂದೆ.

"ಇರೇ, ನಾನೇ ಹಾಕ್ತೀನಿ" ಎಂದು ಗೋಡೆ ತಡವುತ್ತಾ ಹೋಗಿ ಟಕ್ಕೆಂದು ಒತ್ತಿದಳು. ಮನೆ ಕತ್ತಲಾಯಿತು.

"ಉರೀತಿದೆಯೇನೇ?"

"ಉರೀತಿದೆಯಮ್ಮ."

"ನೋಡು, ನಿಮ್ಮಪ್ಪ ಹೇಳಿದ್ದು ಸುಳ್ಳಾಗ್ಲಿಲ್ಲ."

ನಿಮ್ಮ ಮಾತು ಉಳಿಯಿತು. ಮತ್ತೆ ಸ್ವಿಚ್ಚು ಒತ್ತಿದರೆ ಆ ಸದ್ದು ಅವಳಿಗೆ ಕೇಳಿಸುತ್ತದೆ. ಅದಕ್ಕೇ ಮನೆಯನ್ನು ಕತ್ತಲಲ್ಲೇ ಬಿಟ್ಟು, ಸೀಮೆಎಣ್ಣೆ ವಾಸನೆ ಅವಳಿಗೆ ಬಡಿಯದಿರಲೆಂದು ಬುಡ್ಡಿದೀಪವನ್ನು ಹಿತ್ತಿಲಿಗೆ ತಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.