ಮಾಫಿ ಮನೆಯ ನೀಲಿ ಪಟ್ಟಿ

ಬಿಸಿಲ ತಿಂಗಳ ನಲವತ್ತೊಂದನೆಯ ದಿನ, ಇಸವಿ ೨೨೧೯
ನೆಲಮನೆ ಓಣಿ, ಕಪ್ಪತಗುಡ್ಡದ ಬುಡ

ನಮಗಿಂತ ಮೊದಲು ಬದುಕಿದ ಹಿರಿಯರಿಗೆ ಫಕೀರವ್ವ ಮಾಡುವ ನಮಸ್ಕಾರಗಳು.

ತಿಂಗಳಿಗೆ ನಲವತ್ತೊಂದನೆಯ ದಿನ ಎಲ್ಲಿಂದ ಬಂತು ಎಂದು ನೀವು ಮೊದಲ ಸಾಲಿಗೇ ಕಾಗದ ಮಡಿಸಿ ಇಟ್ಟುಬಿಡುತ್ತೀರೇನೋ ಎಂಬ ಭಯ ನನಗೆ. ದಯವಿಟ್ಟು ಇಡಬೇಡಿ. ನಮ್ಮಲ್ಲಿ ಬಿಸಿಲು ಶುರುವಾದ ದಿನದಿಂದ ಮೊದಲ ಮೋಡ ಕಾಣುವವರೆಗೆ ಒಂದೇ ತಿಂಗಳು. ಅದು ಎಷ್ಟು ಉದ್ದವಾದರೂ ಹೆಸರು ಬದಲಾಗುವುದಿಲ್ಲ. ನನ್ನ ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಅದರಲ್ಲಿ ಅರ್ಧ ತಪ್ಪು ಕಾಲದ್ದು, ಅರ್ಧ ನನ್ನದೇ. ನಾನು ಚಿಕ್ಕವಳಿದ್ದಾಗ ನೀರು ಇದ್ದಲ್ಲಿಗೆ ಊರಿಗೆ ಊರೇ ಎದ್ದು ಹೋಗುತ್ತಿತ್ತು. ಒಂದು ಊರಿನ ಶಾಲೆಯಲ್ಲಿ ಪಾಠ ಶುರುವಾದರೆ ಅದು ಮುಗಿಯುವುದರೊಳಗೆ ನಾವು ಇನ್ನೊಂದು ಊರಿನಲ್ಲಿ ಇರುತ್ತಿದ್ದೆವು. ಹಾಗಾಗಿ ನನಗೆ ಗುಣಾಕಾರ ಬರುತ್ತದೆ, ಭಾಗಾಕಾರ ಬರುವುದಿಲ್ಲ. ಇಂಥ ಪತ್ರದಲ್ಲಿ ನಾವಿಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ನಾನು ಪೂರ್ತಿ ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ, ಕ್ಷೇಮವಿಲ್ಲ ಎಂದರೆ ನಮ್ಮ ಓಣಿಯವರಿಗೆ ಅವಮಾನವಾಗುತ್ತದೆ. ಆದ್ದರಿಂದ ಆ ಸಾಲನ್ನು ಬಿಟ್ಟಿದ್ದೇನೆ. ಬಿಟ್ಟದ್ದಕ್ಕೂ ಕ್ಷಮೆ ಇರಲಿ.

ಈ ಬಗೆಯ ಪತ್ರಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಮನಸ್ಸು ಕಾಯಿಲೆ ಬಿದ್ದು ಗುಣವಾಗುತ್ತಿರುವವರು ಹಿಂದಿನ ಕಾಲದ ಯಾರಿಗಾದರೂ ಒಂದು ಓಲೆ ಬರೆದು ಹೊಸ್ತಿಲ ಕೆಳಗಿನ ಗಡಿಗೆಯಲ್ಲಿ ಹಾಕಬೇಕು. ಮುಂದೆ ಹೋಗಬೇಕಾದ ಕಾಗದ ಹಿಂದೆ ಹೇಗೆ ಹೋಗುತ್ತದೆ ಎಂದು ನಮ್ಮ ಮನವೈದ್ಯೆಯನ್ನು ಕೇಳಿದ್ದೆ. "ಮುಟ್ಟಸೋ ಚಿಂತಿ ಗಡಿಗೀದು, ಬರಿಯೋ ಚಿಂತಿ ನಿಂದು," ಅಂದರು. ಬೇರೆಯವರು ರಾಜರಿಗೆ, ಸಂತರಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ. ನಿಮ್ಮ ಕಾಲದಲ್ಲಿ ನನ್ನಂಥವರನ್ನು ಒಳಕೋಣೆಯಲ್ಲಿ ಮುಚ್ಚಿಟ್ಟು, ನೆಂಟರು ಬಂದರೆ "ತವರಿಗೆ ಹೋಗ್ಯಾಳ" ಎನ್ನುತ್ತಿದ್ದರಂತೆ. ಆಗಲೂ ಎಲ್ಲೋ ಕೆಲವರು ಒಂದು ಬಾಡಿಗೆ ಕೋಣೆಯಲ್ಲಿ ವಾರಕ್ಕೊಮ್ಮೆ ಕೂಡಿ, ಚಹಾ ಕುಡಿದು, ಜೊತೆಯಾಗಿ ನಡೆದು, ಚಿತ್ರ ಬಿಡಿಸಿ, ಒಬ್ಬರ ಮಾತನ್ನು ಇನ್ನೊಬ್ಬರು ಕೇಳುತ್ತಿದ್ದರಂತೆ. ಆ ಕೋಣೆಯ ಜನ ನೀವು. ನಮ್ಮ ಬದುಕೆಲ್ಲ ನಿಮ್ಮ ಕೋಣೆಯಿಂದಲೇ ಹರಡಿದ್ದು ಎಂದು ನಮ್ಮ ಹಿರಿಯರು ಹೇಳುತ್ತಾರೆ.

ನಾವು ಅರ್ಧ ನೆಲದೊಳಗೆ ಇಳಿದ ಮನೆಗಳಲ್ಲಿ ಇರುತ್ತೇವೆ. ಮೇಲಿನ ಗೋಡೆ ಸುಡುತ್ತದೆ, ಕೆಳಗಿನದು ತಣ್ಣಗಿರುತ್ತದೆ. ಮಧ್ಯಾಹ್ನವನ್ನು ಮುಚ್ಚುಹೊತ್ತು ಎನ್ನುತ್ತೇವೆ, ಆಗ ಯಾರೂ ಹೊರಗೆ ಕಾಲಿಡುವುದಿಲ್ಲ. ನೀವು ಗುಡ್ಡದ ಮೇಲೆ ನೆಟ್ಟ ಗಾಳಿಕಂಬಗಳು ಇನ್ನೂ ನಿಂತಿವೆ, ರೆಕ್ಕೆ ಮಾತ್ರ ಇಲ್ಲ. ಅವುಗಳ ನಡುವೆ ಮಂಜುಬಲೆ ಕಟ್ಟಿ, ಬೆಳಗಿನ ಮಂಜನ್ನು ಹನಿಹನಿಯಾಗಿ ಹಿಡಿದು ಕುಡಿಯುತ್ತೇವೆ. ಓಣಿಯಲ್ಲಿ ಯಾರಿಗಾದರೂ ಮನಸ್ಸು ಕೈಕೊಟ್ಟರೆ ಕೆಲವು ತಿಂಗಳು ಆರೈಕೆಮನೆಯಲ್ಲಿರುತ್ತಾರೆ. ಮದ್ದು ನಮ್ಮಲ್ಲೂ ಇದೆ. ತೋಳಿಗೆ ಅಂಟಿಸುವ ಒಂದು ಎಲೆ, ತಾನೇ ಒಳಗಿಳಿಯುತ್ತದೆ. ಆದರೆ ಮನೆಗೆ ಮರಳಿದ ಮೇಲಿನ ಹೊಣೆ ಓಣಿಯದು. ಬಿಸಿಲು ಏರುವ ಮೊದಲು ಅವರ ಜೊತೆ ಗೋಡೆಯ ಬದಿಯಲ್ಲಿ ನೆರಳುನಡಿಗೆ. ಸಂಜೆ ಎಲ್ಲರೂ ಕಣ್ಣು ಮುಚ್ಚಿ ಕೂತು ಜೇನಿನ ಹಾಗೆ ಗುಂಯ್‌ಗುಡುವುದು. ಅದಕ್ಕೆ ಮಾತಿಲ್ಲ, ರಾಗವಿಲ್ಲ, ಎದೆಗೂಡು ನಡುಗುತ್ತದೆ, ಅಷ್ಟೇ. ಎಲ್ಲಕ್ಕಿಂತ ದೊಡ್ಡದು ಕೌದಿ. ಮರಳಿ ಬರುವವರಿಗಾಗಿ ಓಣಿಯ ಪ್ರತಿ ಮನೆಯಿಂದ ಒಂದು ಹಳೆಯ ಬಟ್ಟೆಯ ತುಂಡು ತಂದು ಕೌದಿ ಹೊಲಿಯುತ್ತಾರೆ. ಬಂದವರು ಅದರ ಮೇಲೆ ಕೈಯಾಡಿಸಿ, ಇದು ಇಂಥವರ ಸೀರೆ, ಇದು ಇಂಥವರ ಅಂಗಿ ಎಂದು ಒಂದೊಂದೇ ಗುರುತಿಸಬೇಕು. ಇದನ್ನು ಮನೆ ಮುಟ್ಟುವುದು ಎನ್ನುತ್ತೇವೆ. ನಾನು ಮರಳಿದಾಗ ನನಗೆ ನನ್ನ ಹೆಸರು ಹೇಳುವುದೇ ಕಷ್ಟವಾಗಿತ್ತು. ಆದರೂ ಓಣಿಯ ಕೌದಿಗಳನ್ನೆಲ್ಲ ಹೊಲಿಸುವ ಮಾಬೂಬಿ ಚಿಗವ್ವನ ಹಳದಿ ಸೀರೆಯ ತುಂಡು ಸಿಕ್ಕ ಕೂಡಲೇ ಗೊತ್ತಾಯಿತು. ಅದರಲ್ಲಿ ಮೆಂತ್ಯದ ವಾಸನೆ ಇತ್ತು.

ಇಲ್ಲಿಯವರೆಗೆ ಬರೆದದ್ದನ್ನು ಓದಿದರೆ ಇವಳಿಗೇನು ಕಡಿಮೆಯಾಗಿದೆ ಎಂದು ನಿಮಗೆ ಅನಿಸುತ್ತದೆ. ನನಗೂ ಹಾಗೇ ಅನಿಸುತ್ತದೆ, ಅದಕ್ಕೇ ನಾಚಿಕೆ.

ಕೌದಿ ಹೊದಿಸಿದ ದಿನವೇ ಮರಳಿದವರ ಬಾಗಿಲಿಗೆ ಒಂದು ನೀಲಿ ಪಟ್ಟಿ ಕಟ್ಟುತ್ತಾರೆ. ಅಂದಿನಿಂದ ಅದು ಮಾಫಿ ಮನೆ. ಮಾಫಿ ಮನೆಯಿಂದ ಯಾರೂ ಏನನ್ನೂ ಕೇಳಬಾರದು. ಬಲೆ ಒಗೆಯುವ ಸರದಿ ಇಲ್ಲ, ಧೂಳು ಗುಡಿಸುವ ಪಾಳಿ ಇಲ್ಲ, ಕೌದಿಗೆ ತುಂಡು ಇಲ್ಲ, ಓಣಿಯ ಜಗಳದಲ್ಲಿ ಒಂದು ಮಾತೂ ಇಲ್ಲ. ಪ್ರೀತಿಯಿಂದಲೇ ಮಾಡಿದ ಏರ್ಪಾಟು. ಆದರೆ ಪಟ್ಟಿ ಕಟ್ಟುವವರು ಯಾರೆಂದು ತೀರ್ಮಾನಿಸಿದ ನಮ್ಮ ಹಿರಿಯರು, ಬಿಚ್ಚುವವರು ಯಾರೆಂದು ಹೇಳುವುದನ್ನು ಮರೆತರು. ತಾವು ಬಿಚ್ಚಿದರೆ ಫಕೀರವ್ವನಿಗೆ ಎಲ್ಲಿ ಕಷ್ಟವಾಗುತ್ತದೋ ಎಂದು ಎಲ್ಲರಿಗೂ ಹೆದರಿಕೆ. ನಾನೇ ಬಿಚ್ಚಿಕೊಂಡರೆ ಇವಳಿಗೆ ಎಷ್ಟು ಸೊಕ್ಕು ಎಂದಾರೆಂದು ನನಗೆ ಹೆದರಿಕೆ. ಹೀಗೆ ವರ್ಷಗಳು ಹೋದವು. ಮೊದಲು "ಏ ಫಕೀರಿ" ಎಂದು ಕೂಗುತ್ತಿದ್ದ ಮಾಬೂಬಿ ಚಿಗವ್ವ ಈಗ "ತಂಗೆವ್ವಾ, ಊಟ ಆತಾ?" ಎಂದು ಮೆತ್ತಗೆ ಕೇಳುತ್ತಾಳೆ. ಆ ಮೆತ್ತನೆ ಮಾತಿಗೆ ನನ್ನ ಮೈ ಕುಗ್ಗುತ್ತದೆ. ನನ್ನ ಗಂಡನಿಗೆ ಮಾತ್ರ ಈ ಮಾಫಿ ಬಹಳ ಹಿಡಿಸಿದೆ. "ಓಣಿ ಮಂದೀ ಎಲ್ಲಾ ಧೂಳಾಗ ಕಸಬರಗಿ ಹಿಡದಾರ, ನಾ ಇಲ್ಲಿ ಕಾಲ ಚಾಚೇನಿ. ನಿನ್ನ ಪುಣ್ಯಾನ ನೋಡ ಇದು," ಎಂದು ನಗುತ್ತಾರೆ. ನಗಿಸಲೆಂದೇ ಹೇಳುವ ಮಾತು ಅದು. ನಾನು ಒಳಗೆ ಹೋಗಿ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತೇನೆ.

ಈಗ ಯಮನೂರನ ವಿಷಯ. ಎದುರು ಮನೆಯ ಹುಡುಗ, ಹುಡುಗನೆಂದರೆ ಮದುವೆಗೆ ಬಂದವನು. ಗಾಳಿಕಂಬ ಹತ್ತಿ ಮಂಜುಬಲೆ ಹೆಣೆಯುವುದು ಅವನ ಕೆಲಸ. ನಾನು ಮರಳಿದ ಹೊಸತರಲ್ಲಿ ನೆರಳುನಡಿಗೆಗೆ ಬಂದವರೆಲ್ಲ ನನ್ನ ಪಕ್ಕ ಹೆಣದ ಹಿಂದೆ ನಡೆದ ಹಾಗೆ ನಡೆಯುತ್ತಿದ್ದರು. ಇವನೊಬ್ಬನೇ, "ಅತ್ತಿ, ನೀ ಹಿಂಗ ನಡದ್ರ ಬಸವನಹುಳ ನಮ್ಮನ್ನ ದಾಟಿ ಹೋಗಿ, ಚಾ ಕುಡದು ಹೊಳ್ಳಿ ಬರತೈತಿ ನೋಡು," ಅಂದಿದ್ದ. ಎಲ್ಲರೂ ಅವನನ್ನು ಗದರಿದರು. ನನಗೆ ಆ ವರ್ಷದ ಮೊದಲ ನಗು ಬಂದದ್ದು ಆಗ. ಹೋದ ಬಿಸಿಲ ತಿಂಗಳಲ್ಲಿ ಬಲೆಗಳಿಗೆ ಮಂಜೇ ಬೀಳಲಿಲ್ಲ. ಊರಿಗೆ ನೀರಿಲ್ಲದ್ದು ತನ್ನ ಹೆಣಿಗೆಯ ತಪ್ಪಿನಿಂದ ಎಂಬುದು ಅವನ ತಲೆಗೆ ಹೊಕ್ಕಿತು. ಮಾತು ನಿಂತಿತು, ಊಟ ನಿಂತಿತು, ಒಂದು ದಿನ ಕಂಬ ಹತ್ತಿದವನು ಇಳಿಯಲೇ ಇಲ್ಲ. ನಾಲ್ಕು ಜನ ಹತ್ತಿ ಇಳಿಸಿಕೊಂಡು ಬಂದು ಆರೈಕೆಮನೆಗೆ ಕರೆದೊಯ್ದರು. ನಾಳೆ ಅವನು ಮರಳಿ ಬರುತ್ತಾನೆ.

ಅವನು ಕೌದಿಯ ಮೇಲೆ ಕೈಯಾಡಿಸಿ ಮನೆ ಮುಟ್ಟುವಾಗ ನಮ್ಮ ಮನೆ ಇಲ್ಲದಿದ್ದರೆ? ನನ್ನನ್ನು ತಿಂದ ಚಿಂತೆ ಇದೊಂದೇ. ಬೇರೆ ಯಾವ ಮನೆ ತಪ್ಪಿದರೂ ಅವನು ಮರೆವು ಎಂದುಕೊಳ್ಳಬಹುದು. ಈ ಕತ್ತಲಲ್ಲಿ ಇದ್ದು ಬಂದ ಅತ್ತಿಯೇ ತನಗೊಂದು ಚಿಂದಿಯನ್ನೂ ಕೊಡಲಿಲ್ಲ ಎಂದು ಅವನಿಗೆ ಅನಿಸಬಾರದು. ಮಾಬೂಬಿ ಚಿಗವ್ವ ಬುಟ್ಟಿ ಹಿಡಿದು ತುಂಡು ಕೇಳುತ್ತ ಓಣಿಗೆ ಬಂದ ದಿನ ನಾನು ನನ್ನ ಹಸಿರು ಸೀರೆಯ ಸೆರಗು ಕತ್ತರಿಸಿಟ್ಟುಕೊಂಡು ಬಾಗಿಲ ಹಿಂದೆ ನಿಂತಿದ್ದೆ. ಪಕ್ಕದ ಮನೆಯಲ್ಲಿ ಅವಳ ದೊಡ್ಡ ದನಿ ಕೇಳಿತು. ನಮ್ಮ ಬಾಗಿಲಿಗೆ ಬಂದಾಗ ದನಿಯೂ ಸಣ್ಣದಾಯಿತು, ಹೆಜ್ಜೆಯೂ ಸಣ್ಣದಾಯಿತು. ಮಲಗಿದ ಕೂಸನ್ನು ದಾಟುವವಳ ಹಾಗೆ ದಾಟಿ ಹೋದಳು. ಬಾಗಿಲು ತೆರೆದು ಒಂದು ಮಾತು ಕೂಗಿದ್ದರೆ ಮುಗಿಯುತ್ತಿತ್ತು. ನಾನು ಸೆರಗಿನ ತುಂಡನ್ನು ಮಡಿಸಿ ಒಳಗಿಟ್ಟೆ.

ಕೊನೆಗೆ ನಿನ್ನೆ ಸಂಜೆ ಧೈರ್ಯ ಮಾಡಿ ಕೌದಿ ಹೊಲಿಯುವ ಕಟ್ಟೆಗೆ ಹೋದೆ. ದಾರಿಯಲ್ಲಿ ಎರಡು ಸಲ ಹಿಂತಿರುಗಿದೆ. ಒಮ್ಮೆ ಒಲೆ ಆರಿಸಿದ್ದೇನೋ ಇಲ್ಲವೋ ಎಂದು, ಇನ್ನೊಮ್ಮೆ ಹಸಿರು ಬಣ್ಣ ಅವನಿಗೆ ಆಗುತ್ತದೋ ಇಲ್ಲವೋ ಎಂದು. ನಾನು ಹೋದ ಕೂಡಲೇ ನಗು ನಿಂತಿತು. ಎಲ್ಲರೂ ಸರಿದು ಜಾಗ ಮಾಡಿದರು, ಒಬ್ಬಳು ಮಜ್ಜಿಗೆ ತಂದಳು. ಕೌದಿಯ ಅಂಚುಗಳೆಲ್ಲ ಮುಗಿದು, ನಡುವೆ ಅಂಗೈಯಗಲ ಜಾಗ ಮಾತ್ರ ಉಳಿದಿತ್ತು. ಅದಕ್ಕೆ ಕೌದಿಯ ಹೊಟ್ಟೆ ಎನ್ನುತ್ತಾರೆ, ಕೊನೆಗೆ ಮುಚ್ಚುವುದು. ನಾನು ತುಂಡನ್ನು ಮುಂದೆ ಚಾಚಿದೆ. ಮಾಬೂಬಿ ಚಿಗವ್ವ ಅದನ್ನು ಕಣ್ಣಿಗೊತ್ತಿಕೊಂಡು ನನ್ನ ಕೈಗೇ ಮರಳಿಸಿದಳು. "ನಿನ್ನ ಮನಸು ಬಂತಲ್ಲ ತಂಗೆವ್ವಾ, ಅಷ್ಟ ಸಾಕು. ನಿನಗ ಯಾಕ ತ್ರಾಸ?" ಒಂದೆರಡು ಹೊಲಿಗೆಯಾದರೂ ಹಾಕುತ್ತೇನೆ ಎಂದೆ. ಯಾರೂ ಬೇಡ ಅನ್ನಲಿಲ್ಲ. ನನ್ನ ಪಕ್ಕದಲ್ಲಿದ್ದವಳು ತನ್ನ ಸೂಜಿಯನ್ನು ನಿಧಾನಕ್ಕೆ ತೊಡೆಯ ಕೆಳಗೆ ಸರಿಸಿದಳು.

ನಾನು ನೋಡಲಿಲ್ಲ ಎಂದು ಅವಳು ತಿಳಿದಿದ್ದಾಳೆ. ಅವಳಿಗೆ ನಾಚಿಕೆಯಾಗದಿರಲಿ ಎಂದು ನಾನು ಮಜ್ಜಿಗೆಯನ್ನು ಪೂರ್ತಿ ಕುಡಿದು ಎದ್ದು ಬಂದೆ.

ಇವತ್ತು ಬೆಳಗಿನ ನಡಿಗೆಗೂ ಮೊದಲು ಎದ್ದು ನಮ್ಮ ಬಾಗಿಲ ಮುಂದೆ ನಿಂತೆ. ನೀಲಿ ಪಟ್ಟಿ ಬಿಸಿಲಿಗೆ ಬೂದಿಯ ಬಣ್ಣಕ್ಕೆ ತಿರುಗಿತ್ತು. ಒಳಮಡಿಕೆಯಲ್ಲಿ ಮಾತ್ರ ನೀಲಿ ಹಾಗೇ ಇತ್ತು. ಗಂಟು ಕಲ್ಲಾಗಿತ್ತು. ಉಗುರಿಗೆ ಬಗ್ಗಲಿಲ್ಲ, ಹಲ್ಲಿನಿಂದ ಕಚ್ಚಿ ಎಳೆದೆ. ಹಲ್ಲಿನಿಂದ ಎಳೆಯುವಾಗ ಯಾರಾದರೂ ನೋಡಿದರೆ ಇವಳಿಗೆ ಮತ್ತೆ ಶುರುವಾಯಿತು ಎಂದುಕೊಳ್ಳುತ್ತಾರಲ್ಲ ಎಂದು ಹೆದರಿ ಒಮ್ಮೆ ಬಿಟ್ಟೇಬಿಟ್ಟೆ. ಗಂಡ ಎದ್ದು ಬಂದು ನೋಡಿದರು. ಇನ್ನೊಂದು ತುದಿ ಹಿಡಿದು ನಿಂತು, ಗಂಟು ಬಿಚ್ಚಿಕೊಂಡಾಗ, "ಆತ ಬಿಡು, ನನ್ನ ಕಾಲ ಚಾಚೋ ರಾಜ್ಯಾ ಇಲ್ಲಿಗಿ ಮುಗೀತು," ಅಂದರು.

ಕಟ್ಟೆಯಲ್ಲಿ ಮಾಬೂಬಿ ಚಿಗವ್ವ ಒಬ್ಬಳೇ ಕೂತು ಕೌದಿಯ ಹೊಟ್ಟೆ ಮುಚ್ಚಲು ದಾರ ಪೋಣಿಸುತ್ತಿದ್ದಳು. ನಾನು ಆ ಪಟ್ಟಿಯನ್ನು ಅವಳ ಮುಂದೆ ಇಟ್ಟೆ. ಇದು ನಮ್ಮ ಮನೆಯ ತುಂಡು, ಬಾಗಿಲಲ್ಲೇ ಇತ್ತು, ನೀವ್ಯಾರೂ ಕೇಳಲಿಲ್ಲ ಎಂದೆ. ಅವಳು ಪಟ್ಟಿಯನ್ನು ಎತ್ತಿಕೊಂಡು ನೋಡಿದಳು. ಅದನ್ನು ಕಟ್ಟಿದ್ದು ಅವಳದೇ ಕೈ. ಸೆರಗಿನಿಂದ ಮುಖ ಒರೆಸಿಕೊಂಡು, ಸೂಜಿಯನ್ನು ನನ್ನ ಕಡೆ ಚಾಚಿದಳು. ನಾನು ಪಟ್ಟಿಯ ಒಳಮಡಿಕೆಯನ್ನು ಮೇಲೆ ಮಾಡಿ ಕೌದಿಯ ಹೊಟ್ಟೆಗೆ ಹೊಲಿಯತೊಡಗಿದೆ. ವರ್ಷಗಟ್ಟಲೆ ಸೂಜಿ ಹಿಡಿಯದ ಕೈ, ಹೊಲಿಗೆ ಅಡ್ಡಾದಿಡ್ಡಿ ಓಡಿತು. ಅರ್ಧ ಮುಗಿಯುವಷ್ಟರಲ್ಲಿ ಅವಳು ಬಗ್ಗಿ ನೋಡಿ ಹಣೆ ಚಚ್ಚಿಕೊಂಡಳು. "ಏ ಫಕೀರಿ! ಇದಕ್ಕ ಹೊಲಿಗಿ ಅಂತಿಯೇನ, ಕೋಳಿ ಕೆದರಿದಂಗ ಐತಿ. ಬಿಚ್ಚು! ಬಿಚ್ಚಿ ಮತ್ತ ಹಾಕು. ಹುಡುಗ ಹೊಚಗೊಂಡ್ರ ಕಾಲಬೆರಳ ಸಿಕ್ಕೊಂಡಾವು."

ನಾನು ಬಿಚ್ಚಿದೆ. ಮತ್ತೆ ಹಾಕಿದೆ. ಅವಳು ಅದನ್ನೂ ಬಿಚ್ಚಿಸಿದಳು. ಮೂರನೆಯ ಸಲ "ಹಾಂ, ಹಿಂಗ" ಅಂದಳು. ಬೈಸಿಕೊಂಡು ಇಷ್ಟು ಸಂತೋಷವಾಗಿದ್ದಕ್ಕೆ ನನಗೆ ಈಗಲೂ ನಾಚಿಕೆ. ಮುದುಕಿಯಾಗುವ ಹೊತ್ತಿಗೆ ಬೈಗುಳಕ್ಕೆ ಕಣ್ಣೀರು ತರುವುದೆಂದರೇನು? ಹೊಲಿಗೆ ಮುಗಿದ ಮೇಲೆ ಏಳಲು ಹೋದರೆ ಅವಳು ಸೀರೆ ಹಿಡಿದು ಕೂರಿಸಿದಳು. ನಾಡಿದ್ದು ಧೂಳು ಗುಡಿಸುವ ಪಾಳಿ ನಮ್ಮ ಮನೆಯದಂತೆ. ಇಷ್ಟು ವರ್ಷದ ಧೂಳನ್ನೆಲ್ಲ ನನ್ನ ಗಂಡನೊಬ್ಬನೇ ಗುಡಿಸಬೇಕಂತೆ.

ಹಿರಿಯರೇ, ನನ್ನ ಬೇಡಿಕೆ ಸಣ್ಣದು. ಹೇಳಲು ಸಂಕೋಚ, ನಿಮಗೆ ಬುದ್ಧಿ ಹೇಳುವಷ್ಟು ನಾನು ಕಲಿತವಳಲ್ಲ. ನೀವು ಆ ಕೋಣೆಯಲ್ಲಿ ಕೂಡುವಾಗ ಕಾಯಿಲೆಯಿಂದ ಎದ್ದು ಬಂದವರಿಗೆ ಚಹಾ ಕೊಡಿ, ಕೊಡಲೇಬೇಕು. ಆಮೇಲೊಂದು ದಿನ ಲೋಟ ತೊಳೆಯಲೂ ಅವರಿಗೆ ಹೇಳಿ. ಲೋಟದಲ್ಲಿ ಸೋಪು ಉಳಿದರೆ ಬೈಯಿರಿ. ಕೆಲವರಿಗೆ ಆ ದಿನ ಬೇಗ ಬರುತ್ತದೆ, ಕೆಲವರಿಗೆ ತಡವಾಗುತ್ತದೆ, ಆತುರ ಮಾಡಬೇಡಿ. ಆದರೆ ಆ ದಿನವನ್ನು ಕಾಯುತ್ತ ಯಾರಾದರೊಬ್ಬರು ಇರಬೇಕು. ನಿಮ್ಮ ಪ್ರೀತಿಯಲ್ಲಿ ಕೊರತೆ ಇತ್ತು ಎಂದು ನಾನು ಹೇಳುತ್ತಿಲ್ಲ. ಹಾಗೆ ಅನಿಸಿದರೆ ಈ ಪತ್ರವನ್ನು ಹರಿದುಬಿಡಿ.

ಸಂಜೆ ಗುಂಯ್‌ಗುಡುವ ಹೊತ್ತಾಯಿತು, ಓಣಿಯಲ್ಲಿ ಚಾಪೆ ಹಾಸುವ ಸದ್ದು ಕೇಳುತ್ತಿದೆ. ನಾಳೆ ಯಮನೂರ ಬರುತ್ತಾನೆ, ಕೌದಿ ಹೊದಿಸುತ್ತಾರೆ, ಅವನ ಬಾಗಿಲಿಗೂ ಹೊಸ ನೀಲಿ ಪಟ್ಟಿ ಕಟ್ಟುತ್ತಾರೆ. ಕಟ್ಟಲಿ, ಅವನಿಗೆ ಈಗ ಅದು ಬೇಕು. ಕಟ್ಟುವವಳು ಮಾಬೂಬಿ ಚಿಗವ್ವ. ಬಿಚ್ಚುವವಳು ನಾನು ಎಂದು ಇವತ್ತು ಮುಚ್ಚುಹೊತ್ತಿಗೆ ಮೊದಲು ಕಟ್ಟೆಗೆ ಕೂಡಿದ ಓಣಿಯ ಎಲ್ಲರ ಮುಂದೆ ಹೇಳಿ ಬಂದಿದ್ದೇನೆ. ಸರಿಯಾದ ದಿನ ನನಗೆ ತಿಳಿಯುತ್ತದೋ ಇಲ್ಲವೋ ಎಂದು ಈಗಿನಿಂದಲೇ ಎದೆ ಹೊಡೆದುಕೊಳ್ಳುತ್ತಿದೆ. ಗಂಟನ್ನು ಮಾತ್ರ ಸ್ವಲ್ಪ ಸಡಿಲವಾಗಿ ಹಾಕು ಎಂದು ಅವಳಿಗೆ ಹೇಳಬೇಕು.

ತಮ್ಮ ಆಶೀರ್ವಾದ ಬೇಡುವ,
ಫಕೀರವ್ವ